ಮುಪ್ಪಿನ ಹೊರೆ ಯಾರ ಹೆಗಲಿಗೆ?

ಮುದಿ ತಂದೆಗೆ ಕರಟದಲ್ಲಿ ಗಂಜಿ ಹಾಕುತ್ತಿದ್ದ ಮಗನ ಕಥೆಯನ್ನು ನಮ್ಮಲ್ಲಿ ಕೇಳದವರು ವಿರಳ. ಮುದುಕ ಸತ್ತ ಮೇಲೆ ಮೊಮ್ಮಗ ಆ ಕರಟವನ್ನು ತೊಳೆದು ಜೋಪಾನವಾಗಿ ಎತ್ತಿಡುತ್ತಾನೆ. ಯಾಕಪ್ಪಾ ಎಂದು ಕೇಳಿದರೆ, ಮುಂದೆ ನಿನಗೆ ಬೇಕಾಗುತ್ತದಲ್ಲ ಎನ್ನುತ್ತಾನೆ. ಮಕ್ಕಳಿಗೆ ನೀತಿ ಹೇಳುವಾಗ ಈ ಕಥೆಯನ್ನು ಹೇಳುವುದು ವಾಡಿಕೆ. ಆದರೆ ಸ್ವಲ್ಪ ನಿಂತು ನೋಡಿದರೆ ಇದು ಅಂಜಿಕೆಯ ನೀತಿಯೆಂದು ತಿಳಿಯುತ್ತದೆ. ನಾಳೆ ನಿನಗೂ ಇದೇ ಗತಿ ಬಂದೀತು, ಆದ್ದರಿಂದ ಇಂದು ತಂದೆಗೆ ತಟ್ಟೆಯಲ್ಲಿ ಬಡಿಸು ಎನ್ನುತ್ತದೆ ಅದು. ಮಕ್ಕಳಿಲ್ಲದವನಿಗೆ ಈ ಕಥೆ ಹೇಳುವುದು ಏನೂ ಇಲ್ಲ. ತಾನೇ ಕರಟದಲ್ಲಿ ಉಣ್ಣುವಷ್ಟು ಬಡವನಾದ ಮಗನಿಗೂ ಅದು ದಾರಿ ತೋರಿಸುವುದಿಲ್ಲ.

ಆದುದರಿಂದ ಅಂಜಿಕೆಯನ್ನು ಬದಿಗಿಟ್ಟು ನ್ಯಾಯದ ದೃಷ್ಟಿಯಿಂದಲೇ ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳ್ಳೆಯದು. ವೃದ್ಧಾಪ್ಯದಿಂದಲೋ ರೋಗದಿಂದಲೋ ತನ್ನ ಕೆಲಸವನ್ನು ತಾನು ಮಾಡಿಕೊಳ್ಳಲಾರದ ಮನುಷ್ಯನನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಹೊಣೆ ನ್ಯಾಯವಾಗಿ ಯಾರಿಗೆ ಸೇರಬೇಕು? ಹೆತ್ತ ಮಕ್ಕಳಿಗೆ ಮಾತ್ರವೇ? ಅಥವಾ ಊರಿಗೂ ನಾಡಿಗೂ ಅದರಲ್ಲಿ ಪಾಲುಂಟೆ?

ಹೊಣೆ ಎಂದರೆ ಏನೆಂಬುದನ್ನು ಮೊದಲು ಬಿಡಿಸಿ ನೋಡಬೇಕು. ಮುದುಕರಿಗೆ ಮೂರು ವಸ್ತುಗಳು ಬೇಕಾಗುತ್ತವೆ: ಅನ್ನ, ಔಷಧ, ಕೈ. ಅನ್ನಕ್ಕೆ ಪಿಂಚಣಿಯೋ ಉಳಿತಾಯವೋ ಆದೀತು. ಔಷಧಕ್ಕೆ ಆಸ್ಪತ್ರೆಗಳಿವೆ. ಆದರೆ ಕೈಯ ಕೆಲಸವೇ ಬೇರೆ. ಲಕ್ವ ಹೊಡೆದು ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸದೆ ಇದ್ದರೆ ಬೆನ್ನು ಹುಣ್ಣಾಗುತ್ತದೆ. ಎಂದರೆ ಹಗಲು ರಾತ್ರಿ ಸೇರಿ ದಿನಕ್ಕೆ ಹನ್ನೆರಡು ಸಲ. ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು, ಮಲಮೂತ್ರ ತೆಗೆಯಬೇಕು, ಗಂಟಲಿಗೆ ಸಿಕ್ಕದಂತೆ ತುತ್ತು ತುತ್ತಾಗಿ ಉಣಿಸಬೇಕು. ಮರೆವಿನ ಕಾಯಿಲೆ ಹಿಡಿದವರು ಎದ್ದು ಓಡಾಡುತ್ತಾರೆ, ನಿಜ. ಆದರೆ ಅವರ ಹಿಂದೆ ಯಾವಾಗಲೂ ಎರಡು ಕಣ್ಣುಗಳಿರಬೇಕು. ಇದು ವೈದ್ಯನ ಕೆಲಸವಲ್ಲ. ಇದಕ್ಕೆ ಬೇಕಾದದ್ದು ತಾಳ್ಮೆ, ಸ್ವಲ್ಪ ತಿಳಿವಳಿಕೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು. ಬೇರೆಯವರ ಬಾಳಿನಿಂದ ತೆಗೆದು ಕೊಡಬೇಕಾದ ಹೊತ್ತು.

ಹಿಂದಿನ ಕಾಲದಲ್ಲಿ ಇದೆಲ್ಲ ಮನೆಯಲ್ಲಿಯೇ ನಡೆಯುತ್ತಿತ್ತು, ಈಗಿನವರಿಗೆ ಹೆತ್ತವರ ಮೇಲೆ ಅಕ್ಕರೆಯಿಲ್ಲ ಎಂಬ ಮಾತನ್ನು ದಿನವೂ ಕೇಳುತ್ತೇವೆ. ಅದರಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಲೆಕ್ಕವನ್ನೂ ನೋಡಬೇಕು. 1951ರ ಸುಮಾರಿಗೆ ನಮ್ಮ ದೇಶದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯಸ್ಸು ಸರಾಸರಿ 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಆಗಲೂ ಮುದುಕರಿದ್ದರು, ಸರಾಸರಿ ಕಡಮೆಯಾಗಿದ್ದದ್ದು ಎಳೆಯ ಮಕ್ಕಳು ಬಹಳವಾಗಿ ಸಾಯುತ್ತಿದ್ದುದರಿಂದ. ಆದರೆ ಲಕ್ವ ಹೊಡೆದ ಮುದುಕ, ಸೊಂಟದ ಮೂಳೆ ಮುರಿದ ಮುದುಕಿ ಆಗ ಹೆಚ್ಚು ದಿನ ಬದುಕುತ್ತಿರಲಿಲ್ಲ. ಇಂದು ಅದೇ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವುದು ಅಪೂರ್ವವಲ್ಲ. ಅತ್ತ ಮನೆಯಲ್ಲಿ ಮಕ್ಕಳ ಸಂಖ್ಯೆ ಇಳಿದಿದೆ. ಆಗ ತಾಯಿಯೊಬ್ಬಳಿಗೆ ಸರಾಸರಿ ಆರು ಮಕ್ಕಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 2, ಕರ್ನಾಟಕದಲ್ಲಿ 1.7. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಗೂ ಮಿಗಿಲು, ನೂರಕ್ಕೆ 8.6 ಮಂದಿ, ಕರ್ನಾಟಕದಲ್ಲಿ 9.5, ಕೇರಳದಲ್ಲಿ 12.6. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಈ ವಯಸ್ಸಿನವರಾಗುವರೆಂದು ವಿಶ್ವಸಂಸ್ಥೆಯ ಅಂದಾಜು. ಹೊರೆ ಹೆಚ್ಚಿತು, ಹೊರುವ ದಿನಗಳು ಹೆಚ್ಚಿದವು, ಹೆಗಲುಗಳು ಕಡಮೆಯಾದವು. ಇದನ್ನೆಲ್ಲ ಅಕ್ಕರೆಯ ಕೊರತೆಯೆಂದು ಕರೆದುಬಿಡುವುದು ಸುಲಭ, ಸರಿಯಲ್ಲ.

ಹೆಗಲೆಂದ ಕೂಡಲೇ ನಮಗೆ ನೆನಪಾಗುವವನು ಶ್ರವಣಕುಮಾರ. ವಾಲ್ಮೀಕಿ ಆ ಮುನಿಕುಮಾರನಿಗೆ ಹೆಸರನ್ನೂ ಕೊಡಲಿಲ್ಲ; ಜನ ಅವನಿಗೆ ಹೆಸರಿಟ್ಟರು, ಹೆಗಲಿಗೆ ಕಾವಡಿಯನ್ನೂ ಕೊಟ್ಟರು. ಅವನ ಪಿತೃಭಕ್ತಿಯನ್ನು ಕೊಂಡಾಡುವ ಭರದಲ್ಲಿ ಕಥೆಯ ಕೊನೆಯನ್ನು ನಾವು ಮರೆಯುತ್ತೇವೆ. ನೀರು ತರಲು ಹೋದ ಮಗ ದಶರಥನ ಬಾಣಕ್ಕೆ ಸಿಕ್ಕಿ ಸತ್ತ. ಕಣ್ಣಿಲ್ಲದ ಆ ತಂದೆತಾಯಿಗಳಿಗೆ ನೀರು ಕೊಡಲು ಜಗತ್ತಿನಲ್ಲಿ ಮತ್ತೊಬ್ಬನಿರಲಿಲ್ಲ. ಅವರೂ ಮಗನ ಚಿತೆಯನ್ನೇರಿದರು. ಇಬ್ಬರು ಅಶಕ್ತರ ಬಾಳು ಒಬ್ಬನೇ ತರುಣನ ಹೆಗಲನ್ನು ನಂಬಿಕೊಂಡಿರುವಾಗ ಒಂದು ಬಾಣ ಮೂರು ಜೀವಗಳನ್ನು ಕೊಲ್ಲುತ್ತದೆ. ಇಂದು ಆ ಬಾಣ ಬೇರೆ ಬೇರೆ ರೂಪದಲ್ಲಿ ಬರುತ್ತದೆ: ಮಗನಿಗೆ ದೂರದ ಊರಿಗೆ ವರ್ಗವಾಗುತ್ತದೆ, ಸೊಸೆಗೆ ಕಾಯಿಲೆಯಾಗುತ್ತದೆ, ಕಾರ್ಖಾನೆ ಮುಚ್ಚುತ್ತದೆ. ಶ್ರವಣನನ್ನು ಹೊಗಳುವ ಸಮಾಜ, ಅವನು ನೀರಿಗೆ ಹೋದಾಗ ಕಾವಡಿಯ ಬಳಿ ಯಾರಿದ್ದರು ಎಂದೂ ಕೇಳಬೇಕು.

ಇದಕ್ಕೆ ಎದುರಾಗಿ ನಿಂತಿರುವುದು ಯಯಾತಿಯ ಕಥೆ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುಪ್ಪು ಹತ್ತಿದ ಅರಸ ಐವರು ಮಕ್ಕಳಲ್ಲಿ ತಾರುಣ್ಯವನ್ನು ಬೇಡಿದ. ನಾಲ್ವರು ಒಲ್ಲೆನೆಂದು ಶಾಪ ಪಡೆದರು. ಕಿರಿಯ ಪೂರು ಒಪ್ಪಿದ, ರಾಜ್ಯವನ್ನು ಪಡೆದ. ಆ ನಾಲ್ವರನ್ನು ಪುರಾಣ ಕ್ಷಮಿಸದಿದ್ದರೂ ನಾವು ಸ್ವಲ್ಪ ಸಹಾನುಭೂತಿಯಿಂದ ನೋಡಬಹುದು. ಮುಪ್ಪು ಯೌವನದಿಂದ ಎಷ್ಟನ್ನು ಕೇಳಬಹುದು ಎಂಬುದಕ್ಕೂ ಒಂದು ಮಿತಿಯುಂಟಲ್ಲವೆ? ಮೂವತ್ತೈದರಲ್ಲಿ ಕೆಲಸ ಬಿಟ್ಟು ಹಾಸಿಗೆಯ ಬಳಿ ಕುಳಿತವಳು ನಲವತ್ತೈದರಲ್ಲಿ ಎದ್ದರೆ ಅವಳಿಗೆ ಮತ್ತೆ ಕೆಲಸ ಸಿಗುವುದಿಲ್ಲ. ಅವಳ ಸ್ವಂತ ಮುಪ್ಪಿಗೆ ಗಂಟಿನಲ್ಲಿ ಏನೂ ಇರುವುದಿಲ್ಲ. ಯಯಾತಿಯಾದರೂ ಕೊನೆಗೆ ಪಶ್ಚಾತ್ತಾಪಪಟ್ಟು ಮಗನ ತಾರುಣ್ಯವನ್ನು ಹಿಂದಿರುಗಿಸಿದ. ಮುದುಕರು ಯಾರೂ ಬೇಕೆಂದು ಯಯಾತಿಯಾಗುವುದಿಲ್ಲ. ಆದರೆ ಕಳೆದ ವರ್ಷಗಳನ್ನು ಹಿಂದಿರುಗಿಸುವ ಶಕ್ತಿ ಅವರಿಗಿಲ್ಲ.

‘ಅವಳು’ ಎಂದು ಬರೆದದ್ದು ಕೈತಪ್ಪಿ ಅಲ್ಲ. ಮಾತಿನಲ್ಲಿ ನಾವು ಮಗನ ಕರ್ತವ್ಯವೆನ್ನುತ್ತೇವೆ. ಕೆಲಸದಲ್ಲಿ ಅದು ಬಹುಮಟ್ಟಿಗೆ ಸೊಸೆಯದೋ ಮಗಳದೋ ಹೆಂಡತಿಯದೋ ಆಗಿರುತ್ತದೆ. ತಾಯಿಯನ್ನು ಚೆನ್ನಾಗಿ ನೋಡಿಕೊಂಡನೆಂಬ ಹೆಸರು ಮಗನಿಗೆ. ನಡುರಾತ್ರಿ ಎದ್ದು ಬಟ್ಟೆ ಬದಲಿಸಿದ ಕೈ ಬೇರೆಯವರದು. ಪಿತೃಋಣವೆಂಬ ಮಾತನ್ನೇ ತೆಗೆದುಕೊಂಡರೂ ಅತ್ತೆಮಾವಂದಿರಿಗೆ ಸೊಸೆ ಯಾವ ಋಣವನ್ನು ತೀರಿಸಬೇಕು? ಅವಳನ್ನು ಸಾಕಿದವರು ಬೇರೆ ಊರಿನಲ್ಲಿ, ಪ್ರಾಯಶಃ ಅವಳ ದಾರಿಯನ್ನೇ ಕಾಯುತ್ತ ಕುಳಿತಿರುತ್ತಾರೆ. ಇನ್ನು ಶಾಸ್ತ್ರದಲ್ಲಿ ಪಿತೃಋಣ ತೀರುವುದು ಸಂತಾನದಿಂದ. ಪಡೆದದ್ದನ್ನು ಕೊಟ್ಟವನಿಗೇ ಹಿಂದಿರುಗಿಸು ಎಂದಲ್ಲ, ಮುಂದಿನವರಿಗೆ ದಾಟಿಸು ಎಂದು ಅದರ ತಾತ್ಪರ್ಯ. ಹಾಗಾದರೆ ಅದು ಇಬ್ಬರ ನಡುವಣ ಸಾಲದ ಪತ್ರವಲ್ಲ. ತಲೆಮಾರಿನಿಂದ ತಲೆಮಾರಿಗೆ ಇಡೀ ಸಮಾಜದ ಮೂಲಕ ಹರಿಯುವ ಹೊಣೆ. ಮಕ್ಕಳಿಲ್ಲದ ಶಾಲಾ ಉಪಾಧ್ಯಾಯರು ನೂರಾರು ಮಕ್ಕಳಿಗೆ ಅಕ್ಷರ ಕಲಿಸಿರುತ್ತಾರೆ. ಮದುವೆಯಾಗದ ದಾದಿ ಸಾವಿರ ಹೆರಿಗೆ ಮಾಡಿಸಿರುತ್ತಾಳೆ. ಅವರ ಮುಪ್ಪಿಗೆ ಯಾರೂ ಋಣಿಗಳಲ್ಲವೆಂದು ಹೇಳುವ ಧೈರ್ಯ ನಮಗಿದೆಯೆ?

ನಮ್ಮ ಕಾನೂನು ಏನು ಹೇಳುತ್ತದೆಂಬುದನ್ನು ನೋಡೋಣ. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ಹೆತ್ತವರು ಉಪವಿಭಾಗದ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಮಕ್ಕಳಿಂದ ತಿಂಗಳಿಗೆ ಹತ್ತು ಸಾವಿರ ರೂಪಾಯಿಗೆ ಮೀರದಂತೆ ಜೀವನಾಂಶ ಪಡೆಯಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದರೆ ರದ್ದು ಮಾಡಿಸಬಹುದು. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆ, ಐದು ಸಾವಿರದವರೆಗೆ ಜುಲ್ಮಾನೆ ಅಥವಾ ಎರಡೂ ಉಂಟು. ಎಷ್ಟೋ ಮಂದಿ ನಿರ್ಗತಿಕರಿಗೆ ಇದು ಆಸರೆ, ಸಂಶಯವಿಲ್ಲ. ಆದರೆ ಅದೇ ಕಾಯಿದೆ ಸರ್ಕಾರದ ಕಡೆಗೆ ತಿರುಗಿದಾಗ ಅದರ ಸ್ವರ ಮೃದುವಾಗುತ್ತದೆ. ಜಿಲ್ಲೆಗೆ ಒಂದರಂತೆ, ನೂರೈವತ್ತು ಮಂದಿ ನಿರ್ಗತಿಕ ವೃದ್ಧರು ಇರುವಂಥ ಆಶ್ರಯಗಳನ್ನು ರಾಜ್ಯ ಸರ್ಕಾರ ಸ್ಥಾಪಿಸ‘ಬಹುದು’ ಎನ್ನುತ್ತದೆ. ಮಗನಿಗೆ ‘ತಕ್ಕದ್ದು’, ಸರ್ಕಾರಕ್ಕೆ ‘ಬಹುದು’. ಈ ಎರಡು ಕ್ರಿಯಾಪದಗಳ ನಡುವೆ ನಮ್ಮ ನೀತಿಯೆಲ್ಲ ಅಡಗಿದೆ. ಮತ್ತೊಂದು ವಿಚಿತ್ರ: ಆ ಕಾಯಿದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಮನೆಯಲ್ಲಿ ನಿಜವಾಗಿ ದುಡಿಯುವ ಸೊಸೆಯ ಹೆಸರು ಅಲ್ಲಿಲ್ಲ. ಹೊಣೆಯಿಲ್ಲವೆಂದು ಅವಳು ಸಂತೋಷಪಡಬಹುದೇನೋ. ಆದರೆ ಹೊಣೆಯ ಪಟ್ಟಿಯಲ್ಲಿ ಇಲ್ಲದ ಹೆಸರು ಸಹಾಯದ ಪಟ್ಟಿಗೂ ಬರುವುದಿಲ್ಲ.

ಸರ್ಕಾರ ಏನನ್ನೂ ಕೊಡುತ್ತಿಲ್ಲವೆಂದಲ್ಲ. 1995ರಲ್ಲಿ ತಿಂಗಳಿಗೆ 75 ರೂಪಾಯಿಯಿಂದ ಆರಂಭವಾದ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 2007ರ ಹೊತ್ತಿಗೆ 200 ರೂಪಾಯಿಯಾಯಿತು. ಎಂಬತ್ತು ದಾಟಿದವರಿಗೆ 500. ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಅರವತ್ತೈದು ದಾಟಿದ ಬಡವರಿಗೆ 1,200 ರೂಪಾಯಿ ಬರುತ್ತದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ದಾಟಿದ ಎಲ್ಲರಿಗೂ, ಬಡವ ಬಲ್ಲಿದನೆನ್ನದೆ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಆಸ್ಪತ್ರೆಯ ವೆಚ್ಚವನ್ನು ಆಯುಷ್ಮಾನ್ ಭಾರತ ಯೋಜನೆ ಭರಿಸುತ್ತದೆ. ಇದು ದೊಡ್ಡ ಹೆಜ್ಜೆ. ಆದರೆ ಸೊಂಟ ಮುರಿದ ಮುದುಕಿಯೊಬ್ಬಳನ್ನು ಊಹಿಸಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಹಣ ಸಿಗುತ್ತದೆ. ವಾರ ಕಳೆದು ಅವಳು ಮನೆಗೆ ಬಂದ ದಿನದಿಂದ, ಎಬ್ಬಿಸಿ ಕೂರಿಸುವ ಕೈಗೆ ಒಂದು ರೂಪಾಯಿಯೂ ಇಲ್ಲ. ಅನ್ನಕ್ಕಿಷ್ಟು, ಔಷಧಕ್ಕಿಷ್ಟು ಎಂದು ಬರೆದ ನಾಡು ಕೈಗೆಷ್ಟು ಎಂಬ ಕಾಲಮ್ಮನ್ನು ಖಾಲಿ ಬಿಟ್ಟಿದೆ.

ಆ ಕಾಲಮ್ಮನ್ನು ತುಂಬಲು ಹೊರಟ ದೇಶಗಳೂ ಉಂಟು. ಜಪಾನಿನಲ್ಲಿ ಮುದುಕರ ಸೇವೆ ಸೊಸೆಯದೇ ಎಂಬ ಕಟ್ಟುಪಾಡು ನಮ್ಮಲ್ಲಿಯಷ್ಟೇ ಬಲವಾಗಿತ್ತು. 1973ರಲ್ಲಿ ಎಪ್ಪತ್ತು ದಾಟಿದವರಿಗೆ ಚಿಕಿತ್ಸೆಯನ್ನು ಪುಕ್ಕಟೆ ಮಾಡಿದಾಗ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ವೃದ್ಧರು ರೋಗವಿಲ್ಲದೆಯೂ ಆಸ್ಪತ್ರೆಯ ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಉಳಿದುಕೊಂಡರು. ಕೈ ಸಿಗದ ಕಡೆ ಜನ ಆಸ್ಪತ್ರೆಯನ್ನೇ ಮನೆ ಮಾಡಿಕೊಂಡರು. ಕೊನೆಗೆ 2000ದ ಏಪ್ರಿಲಿನಲ್ಲಿ ಆರೈಕೆಗೆಂದೇ ಬೇರೆ ವಿಮೆ ಬಂತು. ನಲವತ್ತು ದಾಟಿದ ಪ್ರತಿಯೊಬ್ಬರೂ ಕಂತು ಕಟ್ಟಬೇಕು. ಅರ್ಧ ಹಣ ಕಂತಿನಿಂದ, ಅರ್ಧ ತೆರಿಗೆಯಿಂದ. ನಡೆಸುವುದು ಊರಿನ ಪೌರಸಭೆ. ಯಾರಿಗೆ ಎಷ್ಟು ಸಹಾಯ ಬೇಕೆಂದು ಅಳೆದು ದರ್ಜೆ ಗೊತ್ತುಮಾಡುತ್ತಾರೆ. ಸೇವೆ ಪಡೆದವರು ವೆಚ್ಚದ ಹತ್ತನೆಯ ಒಂದು ಪಾಲು ಕೊಡುತ್ತಾರೆ, ಅನುಕೂಲಸ್ಥರು ಎರಡೋ ಮೂರೋ ಪಾಲು. ಮಕ್ಕಳಿದ್ದಾರೆಯೆ ಎಂಬುದು ಅಲ್ಲಿ ಅಳತೆಗೋಲಲ್ಲ. ಇವರು ತಾವೇ ಸ್ನಾನ ಮಾಡಬಲ್ಲರೆ ಎಂಬುದು ಅಳತೆಗೋಲು.

ಮನೆಯವರೇ ನೋಡಿಕೊಂಡರೆ ಅವರ ಕೈಗೆ ಹಣ ಕೊಡಬೇಕೆ ಎಂಬ ವಾದ ಅಲ್ಲಿ ನಡೆಯಿತು. ಬೇಡವೆಂದು ಗಟ್ಟಿಯಾಗಿ ಹೇಳಿದವರಲ್ಲಿ ಮಹಿಳಾ ಸಂಘಗಳೇ ಮುಂದಾಗಿದ್ದವು. ಅಲ್ಪ ಹಣದ ಹಗ್ಗದಿಂದ ಸೊಸೆಯರನ್ನು ಹಾಸಿಗೆಯ ಕಾಲಿಗೆ ಕಟ್ಟಿದಂತಾಗುತ್ತದೆಂದು ಅವರ ಭಯ. ಜಪಾನು ಹಣ ಕೊಡಲಿಲ್ಲ, ಸೇವೆಯನ್ನೇ ಕೊಟ್ಟಿತು. 1995ರಲ್ಲಿ ಇಂಥದೇ ವಿಮೆ ತಂದ ಜರ್ಮನಿ ಬೇರೆ ದಾರಿ ಹಿಡಿಯಿತು: ಸೇವೆ ಬೇಕೆ, ಹಣ ಬೇಕೆ ಎಂದು ಕುಟುಂಬವನ್ನೇ ಕೇಳಿತು. ಹಣವನ್ನೇ ಆರಿಸಿಕೊಂಡವರು ಬಹಳ ಮಂದಿ. ಜೊತೆಗೆ, ಮನೆಯಲ್ಲಿ ಆರೈಕೆಗೆ ನಿಂತವರ ಪರವಾಗಿ ಅವರ ಪಿಂಚಣಿಯ ಕಂತನ್ನು ವಿಮೆಯ ನಿಧಿಯೇ ಕಟ್ಟುವ ಏರ್ಪಾಡನ್ನೂ ಮಾಡಿತು. ಸೇವೆ ಮಾಡಿದವರು ತಮ್ಮ ಮುಪ್ಪಿನಲ್ಲಿ ಬರಿಗೈಯಾಗಬಾರದೆಂಬ ಈ ವಿವೇಕ ಸಣ್ಣದಲ್ಲ. ಎರಡು ದೇಶಗಳಲ್ಲಿಯೂ ಕಷ್ಟಗಳು ಮುಗಿದಿಲ್ಲ. ಜಪಾನಿನಲ್ಲಿ ಹಿರಿಯರು ತಿಂಗಳಿಗೆ ಕಟ್ಟುವ ಸರಾಸರಿ ಕಂತು 2000ದಲ್ಲಿ ಸುಮಾರು 2,900 ಯೆನ್ ಇದ್ದದ್ದು 2024ರಲ್ಲಿ 6,200ನ್ನು ದಾಟಿತು. ಆರೈಕೆಯ ಕೆಲಸಕ್ಕೆ ಜನ ಸಾಲದೆ ಹೊರದೇಶಗಳಿಂದ ಕರೆಸಬೇಕಾಗಿದೆ. ಆದರೆ ಪ್ರಶ್ನೆಯನ್ನು ಮನೆಯ ಬಾಗಿಲ ಹೊರಗೆ ತಂದು, ಎಲ್ಲರೂ ಕೂತು ಲೆಕ್ಕ ಹಾಕುವಂತೆ ಮಾಡಿದ ಹಿರಿಮೆ ಅವಕ್ಕಿದೆ.

ಇಲ್ಲಿ ಎರಡು ಆಕ್ಷೇಪಗಳು ಬರುವುದು ಸಹಜ. ಸರ್ಕಾರ ನೋಡಿಕೊಳ್ಳುವುದಾದರೆ ಮಕ್ಕಳ ಪ್ರೀತಿ ಬತ್ತೀತು ಎಂಬುದು ಮೊದಲನೆಯದು. ಮಹಾಭಾರತದ ಆಶ್ರಮವಾಸಿಕ ಪರ್ವ ಇದಕ್ಕೆ ಒಂದು ಬೆಳಕು ಚೆಲ್ಲುತ್ತದೆ. ಯುದ್ಧ ಮುಗಿದ ಮೇಲೆ ಧೃತರಾಷ್ಟ್ರ ಹದಿನೈದು ವರ್ಷ ಧರ್ಮರಾಯನ ಆಶ್ರಯದಲ್ಲಿದ್ದ. ಅನ್ನ ವಸ್ತ್ರಗಳಿಗೆ, ಪರಿಚಾರಕರಿಗೆ ಕಡಮೆಯಿರಲಿಲ್ಲ. ಅರಸನ ಮರ್ಯಾದೆಗೂ ಲೋಪವಿರಲಿಲ್ಲ. ಆದರೂ ಭೀಮನ ಚುಚ್ಚುಮಾತು ಮುದುಕನ ಎದೆಗೆ ನಾಟಿತು. ಅವನು ಕಾಡಿಗೆ ಹೊರಟ. ಏರ್ಪಾಡು ಎಷ್ಟೇ ಇದ್ದರೂ ಮಾತಿನ ಮೃದುತ್ವವನ್ನು ಅದು ಕೊಡಲಾರದು, ನಿಜ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಹಾಗೆ ಹೊರಟ ಗಾಂಧಾರಿಯ ಕೈಹಿಡಿದು, ಮಕ್ಕಳು ಎಷ್ಟು ಬೇಡಿಕೊಂಡರೂ ಕೇಳದೆ ಜೊತೆಗೆ ಹೋದವಳು ಕುಂತಿ. ಅವಳಿಗೆ ಅವರು ಹೆತ್ತವರಲ್ಲ. ಅವರ ಮಕ್ಕಳಿಂದ ಅವಳು ಪಟ್ಟ ಪಾಡು ಹೇಳತೀರದು. ಋಣದ ಲೆಕ್ಕದಲ್ಲಿ ಅವಳು ಸಲ್ಲಿಸಬೇಕಾದದ್ದೇನೂ ಇರಲಿಲ್ಲ. ಏನೂ ಸಲ್ಲಿಸಬೇಕಾಗಿಲ್ಲದವಳು ತಾನಾಗಿ ಕೊಟ್ಟದ್ದರಿಂದಲೇ ಅದು ದೊಡ್ಡದು. ಪ್ರೀತಿ ಬತ್ತುವುದು ಬಿಡುವಿನಿಂದಲ್ಲ, ಬಳಲಿಕೆಯಿಂದ. ಹಗಲೆಲ್ಲ ಎತ್ತಿ ಇಳಿಸಿ ಸೋತ ಮಗಳು ಸಂಜೆ ತಾಯಿಯ ಮೇಲೆ ರೇಗುತ್ತಾಳೆ. ಆ ಎತ್ತುವಿಕೆಗೆ ಮತ್ತೊಂದು ಕೈ ಸಿಕ್ಕಿದರೆ ಅದೇ ಮಗಳು ಸಂಜೆ ತಾಯಿಯ ತಲೆ ಬಾಚುತ್ತ ಹಳೆಯ ಮಾತಾಡುತ್ತಾಳೆ.

ಎರಡನೆಯ ಆಕ್ಷೇಪ ಹಣದ್ದು: ಜಪಾನು ಜರ್ಮನಿಗಳು ಶ್ರೀಮಂತ ದೇಶಗಳು, ನಮಗೆಲ್ಲಿ ಸಾಧ್ಯ? ಸಂವಿಧಾನದ 41ನೆಯ ಅನುಚ್ಛೇದವೂ ವೃದ್ಧಾಪ್ಯದಲ್ಲಿ ಸಹಾಯ ಪಡೆಯುವ ಹಕ್ಕನ್ನು ಒಪ್ಪಿ, ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂದು ಸೇರಿಸಿದೆ. ಮಾತು ತೂಕದ್ದೇ. ಆದರೆ ಈಗ ಆ ವೆಚ್ಚ ಇಲ್ಲವೆಂದು ಭಾವಿಸುವುದು ತಪ್ಪು. ಅದನ್ನು ಈಗಲೂ ತೆರುತ್ತಿದ್ದೇವೆ. ತೆರುವವರು ರಸೀದಿಯಿಲ್ಲದೆ ತೆರುತ್ತಿದ್ದಾರೆ ಅಷ್ಟೆ. ಬಿಟ್ಟ ಉದ್ಯೋಗ, ಅರ್ಧಕ್ಕೆ ನಿಂತ ಹುಡುಗಿಯ ಓದು, ಮಾರಿದ ಎರಡು ಎಕರೆ ಹೊಲ, ಎಲ್ಲವೂ ವೆಚ್ಚವೇ. ಮಾಡಬೇಕೆಂದರೆ ದಾರಿಯೂ ದೂರವಿಲ್ಲ. 1993ರಲ್ಲಿ ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ನೋವು ಶಮನದ ಒಂದು ಸಣ್ಣ ಚಿಕಿತ್ಸಾಲಯ ಆರಂಭವಾಯಿತು. ಕ್ರಮೇಣ ಮಲಪ್ಪುರಂ ಮೊದಲಾದ ಕಡೆ ನೆರೆಹೊರೆಯ ಸಾಮಾನ್ಯ ಜನರೇ ತರಬೇತಿ ಪಡೆದು, ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಅದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ಪಂಚಾಯತಿಗಳು ದಾದಿಯನ್ನಿಟ್ಟು ಮನೆಮನೆಗೆ ಕಳಿಸುವ ಪದ್ಧತಿ ಬೆಳೆಯಿತು. ಅದು ಎಲ್ಲ ಹೊತ್ತಿನ ಕೈಯಾಗಲಾರದು. ಆದರೆ ವಾರಕ್ಕೊಮ್ಮೆಯಾದರೂ ಬಲ್ಲವರೊಬ್ಬರು ಬಂದು ಹುಣ್ಣು ತೊಳೆದು, ಹೀಗೆ ಎತ್ತಮ್ಮ ಎಂದು ಹೇಳಿಕೊಡುವುದು ಒಬ್ಬಂಟಿಯಾಗಿ ಹೊರುತ್ತಿದ್ದವಳಿಗೆ ಎಷ್ಟು ದೊಡ್ಡ ಬಲವೆಂಬುದನ್ನು ಹೊತ್ತವರೇ ಬಲ್ಲರು.

ಇನ್ನೊಂದು ಎಚ್ಚರಿಕೆಯೂ ಬೇಕು. ಆರೈಕೆ ಅಗ್ಗವಾಗಲಿ ಎನ್ನುವಾಗ, ಯಾರ ಬೆವರನ್ನು ಅಗ್ಗ ಮಾಡುತ್ತಿದ್ದೇವೆಂದು ನೋಡಿಕೊಳ್ಳಬೇಕು. ನಗರದ ಅನುಕೂಲಸ್ಥರು ಏಜೆನ್ಸಿಯ ಮೂಲಕ ಹೋಂ ನರ್ಸ್ ಎಂದು ಕರೆಸುವ ಹೆಂಗಸು ಎಷ್ಟೋ ಸಲ ದೂರದ ಹಳ್ಳಿಯಿಂದ ತನ್ನ ಮುದಿ ತಾಯಿಯನ್ನು ಬಿಟ್ಟು ಬಂದವಳು. ಹನ್ನೆರಡು ಗಂಟೆಯ ದುಡಿಮೆ, ವಾರದ ರಜೆಯ ಖಾತರಿಯಿಲ್ಲ, ಸಂಬಳದಲ್ಲಿ ಏಜೆನ್ಸಿಯ ಪಾಲು. ಒಂದು ಮನೆಯ ಮುಪ್ಪು ಸುಖವಾಗಿರಲೆಂದು ಮತ್ತೊಂದು ಮನೆಯ ಮುಪ್ಪು ಅನಾಥವಾಗುವುದಾದರೆ ಹೊರೆ ಇಳಿಯಲಿಲ್ಲ. ಹೆಚ್ಚು ಬಡವಾದ ಹೆಗಲಿಗೆ ಜಾರಿತು ಅಷ್ಟೆ. ಆದ್ದರಿಂದ ಕುಟುಂಬಕ್ಕೆ ಕೈಗೆಟಕುವ ಬೆಲೆ, ಕೆಲಸದವಳಿಗೆ ಮರ್ಯಾದೆಯ ಸಂಬಳ, ಇವೆರಡೂ ಒಟ್ಟಿಗೆ ಬರಬೇಕಾದರೆ ನಡುವಿನ ಅಂತರವನ್ನು ಸಾರ್ವಜನಿಕ ಹಣವೇ ತುಂಬಬೇಕು. ಬೇರೆ ಉಪಾಯ ಇದ್ದಂತೆ ಕಾಣುವುದಿಲ್ಲ.

ಹೀಗೆ ನೋಡಿದರೆ ಮಕ್ಕಳದೋ ಸರ್ಕಾರದ್ದೋ ಎಂಬ ಪ್ರಶ್ನೆಯ ರೂಪವೇ ಸರಿಯಲ್ಲ. ಕೆಲವನ್ನು ಮಕ್ಕಳೇ ಕೊಡಬೇಕು, ಬೇರೆ ಯಾರೂ ಕೊಡಲಾರರು: ಹತ್ತಿರ ಕುಳಿತುಕೊಳ್ಳುವುದು, ಹೇಳಿದ್ದನ್ನೇ ನೂರು ಸಲ ಹೇಳಿದರೂ ಕೇಳುವುದು. ಕೆಲವನ್ನು ನಾಡೇ ಕೊಡಬೇಕು, ಮಕ್ಕಳು ಎಷ್ಟೇ ಒಳ್ಳೆಯವರಾದರೂ ಕೊಡಲಾರರು: ತರಬೇತಾದ ಕೈ, ಹಗಲು ಬಿಟ್ಟುಹೋಗಬಹುದಾದ ಆರೈಕೆ ಕೇಂದ್ರ, ನೋಡಿಕೊಳ್ಳುವವರಿಗೆ ನಾಲ್ಕು ದಿನದ ಬಿಡುವು, ಯಾರೂ ಇಲ್ಲದವರಿಗೆ ಗೌರವದ ಆಶ್ರಯ. ಈ ಎರಡನೆಯ ಪಾಲನ್ನು ‘ಬಹುದು’ ಎಂಬಲ್ಲಿಂದ ‘ತಕ್ಕದ್ದು’ ಎಂಬಲ್ಲಿಗೆ ತರುವುದು ನಮ್ಮ ಕಾಲದ ಕರ್ತವ್ಯ.

ಸೇವೆಗೆ ನಮ್ಮಲ್ಲಿ ಶುಶ್ರೂಷೆ ಎಂಬ ಮಾತಿದೆ. ಅದರ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಶ್ರವಣನ ಹೆಸರಿನಲ್ಲಿರುವುದೂ ಅದೇ ಧಾತು. ರೋಗಿಯ ಮೈ ತೊಳೆಯುವುದಕ್ಕೂ ಅವನ ಮಾತು ಕೇಳುವುದಕ್ಕೂ ಹಿರಿಯರು ಭೇದವೆಣಿಸಲಿಲ್ಲವೆಂದು ತೋರುತ್ತದೆ. ಕೇಳಲು ಮನಸ್ಸು ಬೇಕು, ಮನಸ್ಸಿಗೆ ಬಿಡುವು ಬೇಕು. ಆ ಬಿಡುವನ್ನು ಒದಗಿಸುವುದು ಒಬ್ಬನ ಭಕ್ತಿಯಿಂದ ಆಗುವ ಕೆಲಸವಲ್ಲ, ಹತ್ತು ಮಂದಿಯ ಏರ್ಪಾಡಿನಿಂದ ಆಗುವ ಕೆಲಸ.